ಗಲ್ಲು ಶಿಕ್ಷೆ ಮತ್ತು ಅರ್ಧ ಗಂಟೆ

ಎಲ್ರಿಗೂ ನಮಸ್ಕಾರ. ಗಲ್ಲು ಶಿಕ್ಷೆ ಮಾತು ಬಂದಾಗೆಲ್ಲ ಯಾರಾದ್ರೂ ಒಬ್ರು ಹೇಳೇ ಹೇಳ್ತಾರೆ, ಸೆಷನ್ಸ್ ಕೋರ್ಟು, ಹೈಕೋರ್ಟು, ಸುಪ್ರೀಂ ಕೋರ್ಟು, ಆಮೇಲೆ ರಿವ್ಯೂ ಅಂದ್ರೆ ಕೊಟ್ಟ ತೀರ್ಪನ್ನೇ ಮತ್ತೆ ನೋಡಿ ಅನ್ನೋ ಅರ್ಜಿ, ಕೊನೆಗೆ ರಾಷ್ಟ್ರಪತಿ, ಇಷ್ಟು ಸಲ ಜರಡಿ ಹಿಡಿದ್ಮೇಲೂ ತಪ್ಪು ಮಾಡದವನು ಅದರಲ್ಲಿ ಹೆಂಗ್ರೀ ಉಳ್ಕೊಳ್ತಾನೆ ಅಂತ. ನಾನೂ ಹಾಗೇ ಅಂದ್ಕೊಂಡಿದ್ದೆ, ನಾಸಿಕ್ ಕೇಸಿನ ಜಡ್ಜ್‌ಮೆಂಟ್ ಓದೋ ತನಕ.

2003ರ ಜೂನ್. ಮಹಾರಾಷ್ಟ್ರದಲ್ಲಿ ಒಂದು ರಾತ್ರಿ ತೋಟದ ಗುಡಿಸಲಿಗೆ ನುಗ್ಗಿ ಐದು ಜನರನ್ನ ಕೊಂದ್ರು. ಏಟು ತಿಂದು ಬದುಕಿದ ತಾಯಿಗೆ ಪೊಲೀಸ್ರು ಹಳೇ ಕ್ರಿಮಿನಲ್‌ಗಳ ಫೋಟೋ ಫೈಲು ತೋರಿಸಿದ್ರು, ಆಯಮ್ಮ ಅದರಲ್ಲಿ ನಾಲ್ಕು ಮುಖ ಗುರುತು ಹಿಡಿದ್ರು. ಸರಿ, ಆ ನಾಲ್ವರನ್ನ ಹಿಡೀಬೇಕಲ್ವಾ? ಹಿಡೀಲಿಲ್ಲ. ಕೋರ್ಟಿಗೆ ಬಂದೋರು ಬೇರೆ ಆರು ಜನ, ಅಲೆಮಾರಿ ಸಮುದಾಯದ ಬಡವರು, ಅದರಲ್ಲೊಬ್ಬ ಇನ್ನೂ ಅಪ್ರಾಪ್ತ. ಆಮೇಲೆ ಸಾಕ್ಷಿ ಕಟ್ಟೆಯಲ್ಲಿ ಇವರೇ ಅಂತ ಹೇಳಿಕೆ ಆಯ್ತು.

ಕೆಳಗಿನ ಕೋರ್ಟು ಆರೂ ಜನಕ್ಕೆ ಗಲ್ಲು ಅಂತು, ಹೈಕೋರ್ಟು ಮೂವರದ್ದನ್ನ ಜೀವಾವಧಿಗೆ ಇಳಿಸ್ತು, 2009ರಲ್ಲಿ ಸುಪ್ರೀಂ ಕೋರ್ಟು ಆ ಮೂವರಿಗೂ ವಾಪಸ್ ಗಲ್ಲೇ ಕೊಡ್ತು. ಜರಡಿ ಅಂದ್ರಲ್ಲ, ನೋಡಿ, ಮೇಲೆ ಹೋದ್ರೂ ಫೈಲು ಅದೇ, ಹೊಸದಾಗಿ ಯಾರೂ ತೋಟಕ್ಕೆ ಹೋಗಿ ನೋಡಲ್ಲ, ಫೋಟೋ ಫೈಲಿನ ವಿಷಯ ಮೊದಲಿಂದ್ಲೂ ದಾಖಲೆಯಲ್ಲೇ ಇತ್ತು. ಯಾರ ಕಣ್ಣೂ ಅಲ್ಲಿ ನಿಲ್ಲಲಿಲ್ಲ ಅಷ್ಟೆ.

ಇವರನ್ನ ಉಳಿಸಿದ್ದು ಯಾವುದು ಗೊತ್ತಾ? ಕೆಂಪುಕೋಟೆ ದಾಳಿ ಕೇಸಿನ ಅಪರಾಧಿಯ ಹೆಸರಲ್ಲಿರೋ 2014ರ ತೀರ್ಪು! ಅಲ್ಲೀತನಕ ಗಲ್ಲು ಕೇಸಿನ ರಿವ್ಯೂ ಅರ್ಜಿನ ಜಡ್ಜ್‌ಗಳು ಚೇಂಬರಲ್ಲೇ ಓದಿ ಮುಗಿಸೋರು, ವಕೀಲರು ಬಾಯಿ ಬಿಡೋ ಹಾಗೇ ಇರ್ಲಿಲ್ಲ. ಇನ್ಮೇಲೆ ಮೂರು ಜಡ್ಜ್, ಓಪನ್ ಕೋರ್ಟು, ಅರ್ಧ ಗಂಟೆ ವಾದ ಅಂತ ಆಯ್ತು. ಆತನದೇ ರಿವ್ಯೂ 2022ರಲ್ಲಿ ವಜಾ ಆಯ್ತು, ಅದು ಬೇರೆ ಮಾತು.

ಆ ಬಾಗಿಲಿಂದಾನೇ ನಾಸಿಕ್ ಕೇಸು ಮತ್ತೆ ಒಳಗೆ ಬಂತು. 2019ರ ಮಾರ್ಚಲ್ಲಿ ಆರೂ ಜನ ಬಿಡುಗಡೆ. ಆ ಪೀಠದಲ್ಲಿ ನಮ್ಮ ಮೂಡುಬಿದಿರೆ ಕಡೆಯ ಅಬ್ದುಲ್ ನಜೀರ್ ಅವರೂ ಇದ್ರು.

ಅಮೆರಿಕದಲ್ಲಿ ಇನ್ನೊಂಥರ. ಟೆಕ್ಸಸ್‌ನಲ್ಲಿ ಕೊಲೆ ಕೇಸಲ್ಲಿ ಮರಣದಂಡನೆ ಆಗಿದ್ದ ಲಿಯೊನೆಲ್ ಹೆರೆರಾ, ಕೊಂದಿದ್ದು ನಾನಲ್ಲ, ತೀರಿಹೋದ ನನ್ನ ಸೋದರ ಅಂತ ಅಫಿಡವಿಟ್ ಹಿಡ್ಕೊಂಡು ಹೋದ. ಅವನು ನಿಜ ಹೇಳ್ತಿದ್ನೋ ಸುಳ್ಳೋ ನನಗೂ ಡೌಟಿದೆ. ಆದ್ರೆ ವಿಚಾರಣೆ ನೆಟ್ಟಗೆ ನಡೆದಿದ್ರೆ ನಿರಪರಾಧಿ ಅನ್ನೋದೊಂದನ್ನೇ ಹಿಡ್ಕೊಂಡು ಫೆಡರಲ್ (ಕೇಂದ್ರದ) ಕೋರ್ಟಿಗೆ ಬರೋಕಾಗಲ್ಲ ಅನ್ನೋ ಥರ ಬಂತು 1993ರ ತೀರ್ಪು, ಅದೇ ವರ್ಷ ಅವನ ಕಥೆ ಮುಗೀತು.

ನಾಸಿಕ್‌ನೋರಿಗೆ ತಲಾ 5 ಲಕ್ಷ ಪರಿಹಾರ ಕೊಡಿ ಅಂತು ಕೋರ್ಟು, ನಾನು ಲೆಕ್ಕ ಹಾಕಿದೆ, ಹಿಡಿದಾಗಿಂದ ಬಿಡೋ ತನಕದ ದಿನಗಳಿಗೆ ಹಂಚಿದ್ರೆ ದಿನಕ್ಕೆ 90 ರೂಪಾಯೂ ಬೀಳಲ್ಲ. ಆ ತಾಯಿ ಬೆರಳಿಟ್ಟು ತೋರಿಸಿದ ನಾಲ್ವರ ಮೇಲೆ ತನಿಖೆ ಮಾಡಿ ಅಂತಾನೂ ಹೇಳ್ತು, ಅಷ್ಟೊತ್ತಿಗೆ ಹದಿನಾರು ವರ್ಷ ಹತ್ರ ಬಂದಿತ್ತು.