ಊರನ್ನೇ ಎತ್ತಿಟ್ಟ ಗಣಿ: ಕಿರುನಾದ ನೆಲ ಯಾಕೆ ಕುಸೀತಿದೆ?

[ದೃಶ್ಯ: ಅಗಲವಾದ ರಸ್ತೆ. ಕೆಂಪು ಬಣ್ಣದ ದೊಡ್ಡ ಮರದ ಚರ್ಚು ಇರುವೆ ನಡಿಗೆಯಲ್ಲಿ ಮುಂದೆ ಬರ್ತಿದೆ. ಎರಡೂ ಬದಿ ಜನ.]

ನಿರೂಪಣೆ:
ಇದು ಸ್ವೀಡನ್ ದೇಶದ ಕಿರುನಾ. 2025ರ ಆಗಸ್ಟ್ 19 ಮತ್ತು 20ರಂದು ಇಲ್ಲಿನ ಚರ್ಚನ್ನ ಬಿಚ್ಚದೆ, ಒಡೆಯದೆ, ನಿಂತ ಹಾಗೇ 5 ಕಿಲೋಮೀಟರ್ ಸಾಗಿಸಿದ್ರು. ತೂಕ 672 ಟನ್. ಕಟ್ಟಿ ಮುಗಿಸಿದ್ದು 1912ರಲ್ಲಿ. ಚರ್ಚಿನ ಜೊತೆಗೆ ಊರಿನ ಹಳೇ ಪೇಟೆಯೂ ಜಾಗ ಖಾಲಿ ಮಾಡ್ತಾ ಇದೆ. ಕಾರಣ ಕೆಳಗಿರೋ ಕಬ್ಬಿಣದ ಅದಿರು.

ಭೀಮಸಮುದ್ರ, ಹೊಳಲ್ಕೆರೆ ಕಡೆಯವರಿಗೆ ಅದಿರು ಲಾರಿ, ಕೆಂಪು ದೂಳು ಹೊಸದೇನಲ್ಲ. ಆದರೆ ನಮ್ಮ ಕಡೆ ಗುಡ್ಡವನ್ನ ಮೇಲಿಂದ ಮೆಟ್ಟಿಲು ಮೆಟ್ಟಿಲಾಗಿ ಕಡೀತಾರೆ. ಗುಂಡಿ ಎಲ್ಲಿದೆ ಅಂತ ಕಣ್ಣಿಗೆ ಕಾಣುತ್ತೆ. ಕಿರುನಾದಲ್ಲಿ ಗಣಿ ಒಂದು ಕಡೆ, ನೆಲ ಬಿರಿಯೋದು ಇನ್ನೊಂದು ಕಡೆ. ಅದು ಹೇಗೆ ಅಂತ ಇವತ್ತು ನೋಡೋಣ.

[ದೃಶ್ಯ: ನಕ್ಷೆ. ಸ್ವೀಡನ್ನಿನ ಉತ್ತರ ತುದಿ.]

ಆರ್ಕ್ಟಿಕ್ ವೃತ್ತದಿಂದಲೂ ಸುಮಾರು 145 ಕಿಲೋಮೀಟರ್ ಉತ್ತರಕ್ಕಿದೆ ಈ ಊರು. ಡಿಸೆಂಬರ್ ಮಧ್ಯದಿಂದ ಹೆಚ್ಚೂಕಡಿಮೆ ಮೂರು ವಾರ ಸೂರ್ಯ ಮೇಲೆ ಬರೋದೇ ಇಲ್ಲ. ಅಲ್ಲಿನ ಮೂಲ ನಿವಾಸಿಗಳು ಸಾಮಿ ಜನ, ಹಿಮಸಾರಂಗ ಸಾಕೋರು. ಊರಿನ ಹೆಸರು ಬಂದಿರೋದೂ ಅವರ ಭಾಷೆಯಿಂದಲೇ. ಗಣಿ ಕಂಪನಿ ಎಲ್‌ಕೆಎಬಿ ಶುರುವಾಗಿದ್ದು 1890ರಲ್ಲಿ, ಊರು ಹುಟ್ಟಿದ್ದು 1900ರಲ್ಲಿ. ಅಂದರೆ ಗಣಿಗಾಗಿಯೇ ಕಟ್ಟಿದ ಊರು. ಕಂಪನಿ ಈಗ ಪೂರ್ತಿ ಸರ್ಕಾರದ್ದು.

[ದೃಶ್ಯ: ಚಿತ್ರ. ಓರೆಯಾಗಿ ನಿಂತ ಕಪ್ಪು ಹಲಗೆ, ಅದರ ಬಲಕ್ಕೆ, ಮೇಲ್ಗಡೆ ಮನೆಗಳು.]

ಈ ಚಿತ್ರ ಸರಿಯಾಗಿ ನೋಡಿಕೊಳ್ಳಿ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ಅದಿರು ಇಲ್ಲಿ ಒಂದು ದಪ್ಪ ಹಲಗೆ ಥರ ಇದೆ. ಉದ್ದ ಸುಮಾರು 4 ಕಿಲೋಮೀಟರ್, ದಪ್ಪ ಸರಾಸರಿ 80 ಮೀಟರ್, ಆಳ 2 ಕಿಲೋಮೀಟರ್‌ವರೆಗೂ ಹೋಗುತ್ತೆ. ನೆಟ್ಟಗಿಲ್ಲ, ಸುಮಾರು 60 ಡಿಗ್ರಿ ಓರೆ. ಆ ಓರೆ ಪೂರ್ವಕ್ಕೆ, ಅಂದರೆ ಊರಿನ ಕಡೆಗೇ. ಕೆಳಗೆ ಇಳಿದಷ್ಟೂ ಅದಿರು ಊರಿನ ಅಡಿಗೆ ಸರಿಯುತ್ತೆ. ಮೊದಲು ಇಲ್ಲೂ ಮೇಲಿಂದಲೇ ಅಗೀತಿದ್ರು. 1960ರ ದಶಕದಲ್ಲಿ ಪೂರ್ತಿ ನೆಲದೊಳಗೆ ಇಳಿದರು.

ಒಳಗೆ ತೆಗೆಯೋ ರೀತಿಗೆ ಸಬ್‌ಲೆವೆಲ್ ಕೇವಿಂಗ್ ಅಂತಾರೆ. ದಾವಣಗೆರೆ ಮಿಲ್ಲಿನ ಹಾಪರ್ ನೆನಪು ಮಾಡಿಕೊಳ್ಳಿ. ಮೆಕ್ಕೆಜೋಳ ತುಂಬಿದೆ, ಮೇಲೆ ಒಂದು ಪದರ ಹೊಟ್ಟು ಸುರಿದಿದ್ದೀವಿ. ಕೆಳಗಿನ ಬಾಗಿಲು ತೆಗೆದರೆ ಜೋಳ ಇಳಿಯುತ್ತೆ, ಮೇಲೆ ಕುಣಿ ಬೀಳುತ್ತೆ. ತೆಗೀತಾನೇ ಇದ್ದರೆ ಸ್ವಲ್ಪ ಹೊತ್ತಿಗೆ ಜೋಳದ ಜೊತೆ ಹೊಟ್ಟೂ ಬರುತ್ತೆ. ಗಣಿಯಲ್ಲಿ ಜೋಳ ಅಂದರೆ ಅದಿರು, ಹೊಟ್ಟು ಅಂದರೆ ಮೇಲಿನ ಬಂಡೆ, ಕುಣಿ ಬೀಳೋದು ಊರಿನ ನೆಲದಲ್ಲಿ.

[ದೃಶ್ಯ: ಸುರಂಗದ ಚಿತ್ರ, ಮೇಲ್ಮುಖವಾಗಿ ಬೀಸಣಿಗೆ ಥರ ಡ್ರಿಲ್ ರಂಧ್ರಗಳು.]

ಕೆಲಸ ನಡೆಯೋದು ಹೀಗೆ. ಅದಿರಿನ ಅಡ್ಡಕ್ಕೆ ಸಾಲಾಗಿ ಸುರಂಗ ಕೊರೀತಾರೆ. ಅಕ್ಕಪಕ್ಕದ ಸುರಂಗಗಳ ನಡುವೆ ಸುಮಾರು 25 ಮೀಟರ್, ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ 28 ಮೀಟರ್ ಚಿಲ್ಲರೆ. ಸುರಂಗದ ಚಾವಣಿಯಿಂದ ಮೇಲಕ್ಕೆ, ಬೀಸಣಿಗೆ ಬಿಚ್ಚಿದ ಹಾಗೆ ಡ್ರಿಲ್ ಮಾಡ್ತಾರೆ. ಒಂದು ಬೀಸಣಿಗೆಯಿಂದ ಇನ್ನೊಂದಕ್ಕೆ ಸುಮಾರು 3 ಮೀಟರ್. ಸ್ಫೋಟಕ ತುಂಬಿ, ಜನರನ್ನ ಹೊರಗೆ ಕಳಿಸಿ, ನಡುರಾತ್ರಿ ಕಳೆದ ಮೇಲೆ ಸಿಡಿಸ್ತಾರೆ. ಬೆಳಗಿನವರೆಗೂ ಫ್ಯಾನ್‌ಗಳು ಹೊಗೆ ಎಳೀತಾವೆ. ಒಂದು ಸಾಲು ಸಿಡಿದರೆ ಸುಮಾರು 10,000 ಟನ್ ಅದಿರು ಸುರಂಗದ ಬಾಯಿಗೆ ಬಂದು ಬೀಳುತ್ತೆ.

ಆಮೇಲೆ ಲೋಡರ್ ಒಳಗೆ ಹೋಗುತ್ತೆ. ಎಷ್ಟು ತೆಗೀಬೇಕು, ಎಲ್ಲಿ ನಿಲ್ಲಿಸಬೇಕು? ಗಣಿಯ ಲಾಭ ನಷ್ಟ ಎರಡೂ ಇದರಲ್ಲೇ ಇದೆ. ಬೇಗ ನಿಲ್ಲಿಸಿದರೆ ಅದಿರು ಒಳಗೇ ಉಳೀತು. ತಡ ಮಾಡಿದರೆ ಬರೀ ಬಂಡೆ ಹೊತ್ತು ಡೀಸೆಲ್ಲು, ಕರೆಂಟು ಸುಟ್ಟ ಹಾಗಾಯ್ತು. ಇದಕ್ಕೆ ಅವರು ಬಕೆಟ್ಟಿನ ತೂಕ ನೋಡ್ತಾರೆ. ಇಲ್ಲಿನ ಅದಿರು ಮ್ಯಾಗ್ನಟೈಟ್, ನೀರಿಗಿಂತ ಸುಮಾರು 5 ಪಟ್ಟು ಭಾರ. ಸಾಮಾನ್ಯ ಬಂಡೆ 2.7 ಪಟ್ಟು. ಅದೇ ಬಕೆಟ್ಟು, ಅದೇ ತುಂಬು, ಆದರೆ ತೂಕ ಇಳೀತಾ ಬಂತು ಅಂದರೆ ಮೇಲಿನ ಬಂಡೆ ಬೆರೀತಿದೆ ಅಂತ ಲೆಕ್ಕ. ಎಷ್ಟು ಸರಳ, ಎಷ್ಟು ಚೆಂದದ ಉಪಾಯ!

ಕೆಡೋದೂ ಇಲ್ಲೇ. ಡ್ರಿಲ್ ರಂಧ್ರ ಸೊಟ್ಟಗೆ ಹೋದರೆ, ಇಲ್ಲ ಸಿಡಿಸೋ ಮುಂಚೆ ಅದುಮಿ ಮುಚ್ಚಿಕೊಂಡರೆ, ಮೇಲಿನ ಭಾಗ ಒಡೆಯೋದಿಲ್ಲ. ದೊಡ್ಡ ಬಂಡೆ ಬಾಯಿಗೆ ಅಡ್ಡ ಸಿಕ್ಕಿ ಕೂರುತ್ತೆ, ಹಿಂದಿನದು ಇಳಿಯೋದಿಲ್ಲ. ಅದಿರು ಸಾಗಿಸೋ ಈಗಿನ ಮುಖ್ಯ ಮಟ್ಟ ಇರೋದು 1,365 ಮೀಟರ್ ಆಳದಲ್ಲಿ, ಹಳೇ ಬೆಟ್ಟದ ತುದಿಯಿಂದ ಅಳೆದದ್ದು. ಅಷ್ಟು ಆಳದಲ್ಲಿ ಬಂಡೆಯೊಳಗೆ ಒತ್ತಡ ವಿಪರೀತ. 2020ರ ಮೇ 18ರ ಬೆಳಗಿನ ಜಾವ ಅದು ಒಮ್ಮೆಲೇ ಬಿಡುಗಡೆಯಾಗಿ 4.9 ತೀವ್ರತೆಯ ಕಂಪನ ಆಯ್ತು. ಪುಣ್ಯಕ್ಕೆ ಯಾರಿಗೂ ಗಾಯ ಆಗಲಿಲ್ಲ.

ಖಾಲಿ ಜಾಗಕ್ಕೆ ಮಣ್ಣೋ ಕಾಂಕ್ರೀಟೋ ತುಂಬಿಬಿಟ್ಟರೆ ಊರು ಉಳೀತಿತ್ತಲ್ಲ ಅಂತ ಕೇಳಬಹುದು. ಚಿನ್ನದಂಥ ದುಬಾರಿ ಅದಿರು, ತೆಳು ಎಳೆ ಆಗಿದ್ದರೆ ಹಾಗೆ ತುಂಬೋದು ಲೆಕ್ಕಕ್ಕೆ ಕೂರುತ್ತೆ. 80 ಮೀಟರ್ ದಪ್ಪದ ಕಬ್ಬಿಣದ ಅದಿರಿಗೆ ಕೂರೋದಿಲ್ಲ. ಮೇಲಾಗಿ ಈ ಪದ್ಧತಿ ನಡೆಯೋದೇ ಬಂಡೆ ಕುಸಿದು ಅದಿರಿನ ಹಿಂದೆ ಇಳೀಬೇಕು ಅನ್ನೋದರ ಮೇಲೆ.

[ದೃಶ್ಯ: ನಕ್ಷೆಯ ಮೇಲೆ ಗಣಿಯ ಕಡೆಯಿಂದ ಊರಿನ ಕಡೆಗೆ ಸರಿಯುವ ಗೆರೆ.]

ಈಗ ಮುಖ್ಯ ವಿಷಯ. ಕಿರುನಾದಲ್ಲಿ ಗೋಡೆ ಬಿರುಕು ಬಿಡೋವರೆಗೂ ಕಾಯೋದಿಲ್ಲ. ನೆಲದ ಮೇಲೆ ಜಿಪಿಎಸ್ ಗುರುತುಗಳನ್ನ ನೆಟ್ಟು, ಅವು ಎಷ್ಟು ಸರಿದವು ಅಂತ ಮತ್ತೆ ಮತ್ತೆ ಅಳೀತಾರೆ. ನೆಲ ಅಡ್ಡಕ್ಕೆ ಮೀಟರಿಗೆ 3 ಮಿಲಿಮೀಟರ್ ಹಿಗ್ಗಿದರೆ, ಅಥವಾ ಮೀಟರಿಗೆ 2 ಮಿಲಿಮೀಟರ್ ವಾಲಿದರೆ, ಅಲ್ಲಿಗೆ ಗಡಿ. ಕೇಳೋಕೆ ಸಣ್ಣದು. 30 ಮೀಟರ್ ಉದ್ದದ ಕಟ್ಟಡಕ್ಕೆ ಲೆಕ್ಕ ಹಾಕಿ, 9 ಸೆಂಟಿಮೀಟರ್ ಹಿಗ್ಗು. ಯಾವ ಗೋಡೆ ತಡೆದೀತು? ನೀರಿನ ಪೈಪು, ಚರಂಡಿ ಅದಕ್ಕೂ ಮೊದಲೇ ಬಾಯಿ ಬಿಡ್ತಾವೆ. ಆ ಗೆರೆ ಬರೋ ಮುಂಚೆ ಜನ ಅಲ್ಲಿಂದ ಹೊರಟಿರಬೇಕು.

ಊರು ಸರಿಯಬೇಕು ಅಂತ ಕಂಪನಿ ತಿಳಿಸಿದ್ದು 2004ರಲ್ಲಿ. ಹೊಸ ನಗರ ಕಚೇರಿ ತೆರೆದದ್ದು 2018ರಲ್ಲಿ, ಹಳೇ ಪೇಟೆಯಿಂದ ಸುಮಾರು 3 ಕಿಲೋಮೀಟರ್ ಪೂರ್ವಕ್ಕೆ. ಖರ್ಚು ಗಣಿಯದ್ದು. ಸ್ವಂತ ಮನೆ ಇದ್ದವರಿಗೆ ಎರಡು ದಾರಿ: ಮಾರುಕಟ್ಟೆ ಬೆಲೆಯ ಮೇಲೆ ಶೇ. 25 ಸೇರಿಸಿ ದುಡ್ಡು, ಇಲ್ಲವೇ ಬದಲಿ ಮನೆ.

ಚರ್ಚಿನ ಸಾಗಣೆಯಲ್ಲಿ ಕಷ್ಟ ಇದ್ದದ್ದು ತೂಕಕ್ಕಿಂತ ಹೆಚ್ಚಾಗಿ ಅಗಲದಲ್ಲಿ. ಅದು 40 ಮೀಟರ್ ಅಗಲ, ರಸ್ತೆಯ ಅಂಚಿನಾಚೆಗೂ ಚಾಚುವಷ್ಟು. 9 ಮೀಟರ್ ಇದ್ದ ರಸ್ತೆಯನ್ನ 24 ಮೀಟರ್ ಮಾಡಿದ್ರು, ಅಡ್ಡ ಇದ್ದ ಸೇತುವೆ ತೆಗೆದ್ರು. ನಾಯಕನಹಟ್ಟಿ ತೇರು ನೋಡಿದವರಿಗೆ ಗೊತ್ತು, ಗಾಲಿ ತಾನಾಗಿ ತಿರುಗೋದಿಲ್ಲ, ಸನ್ನೆ ಹಾಕಿಯೇ ದಿಕ್ಕು ಬದಲಿಸಬೇಕು. ಇಲ್ಲಿ ಕಟ್ಟಡದ ಅಡಿಗೆ ಉಕ್ಕಿನ ತೊಲೆ ತೂರಿಸಿ, ಅದರ ಕೆಳಗೆ ಸಾಲು ಸಾಲು ಗಾಲಿಯ ವಾಹನ ಇಟ್ಟರು. ಅದರ ಗಾಲಿಗಳನ್ನ ಬೇಕಾದ ದಿಕ್ಕಿಗೆ ತಿರುಗಿಸಬಹುದು. ರಸ್ತೆ ಏರಿದ ಕಡೆ, ಇಳಿದ ಕಡೆ ಹೈಡ್ರಾಲಿಕ್ ಜಾಕ್ ಎತ್ತರ ಸರಿ ಮಾಡಿ ಕಟ್ಟಡವನ್ನ ಸಮ ಇಡುತ್ತೆ. ವೇಗ ಗಂಟೆಗೆ ಸುಮಾರು ಅರ್ಧ ಕಿಲೋಮೀಟರ್.

ಎಲ್ಲ ಸುಸೂತ್ರ ಅಂತ ಮಾತ್ರ ತಿಳೀಬೇಡಿ. ಹೊಸ ಮನೆಗಳ ಬಾಡಿಗೆ ಹೆಚ್ಚು. ಹಳೇ ಊರು ಇಳಿಜಾರಿನ ಮೇಲಿತ್ತು, ಗಾಳಿ ಸೀದಾ ನುಗ್ಗದ ಹಾಗೆ ಬೀದಿಗಳನ್ನ ಬಳುಕಿಸಿ ಹಾಕಿದ್ರು. ಹೊಸ ಪೇಟೆ ಇರೋದು ತಗ್ಗಿನಲ್ಲಿ, ತಣ್ಣನೆ ಗಾಳಿ ಬಂದು ಅಲ್ಲೇ ಕೂರುತ್ತೆ ಅನ್ನೋ ದೂರಿದೆ. ಸಾಮಿ ಜನರ ಸಾರಂಗ ಓಡಾಡೋ ದಾರಿ ಇನ್ನಷ್ಟು ಕಿರಿದಾಗಿದೆ. ಚರ್ಚು ಸಾಗಿಸಿದ ತಿಂಗಳಲ್ಲೇ, ಇನ್ನೂ ಸುಮಾರು 6,000 ಜನ ಜಾಗ ಬಿಡಬೇಕಾಗುತ್ತೆ ಅಂತ ಕಂಪನಿ ಹೇಳಿತು.

[ದೃಶ್ಯ: ಹಳ್ಳಿ ಮನೆಯ ಗೋಡೆ. ಸಣ್ಣ ಬಿರುಕಿನ ಹತ್ತಿರದ ನೋಟ.]

ಚಿತ್ರದುರ್ಗ ಜಿಲ್ಲೆಯಲ್ಲಿ ಗಣಿ, ಕ್ವಾರಿ ಪಕ್ಕದ ಮನೆಯವರಿಗೆ ಇದರಿಂದ ಏನು ಉಪಯೋಗ? ಅಳತೆ ಇಟ್ಟುಕೊಳ್ಳೋದು. ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆ ಇದೆ. ಗಣಿಯವರದ್ದಲ್ಲದ ವಾಸದ ಮನೆಯ ಹತ್ತಿರ ಬ್ಲಾಸ್ಟಿಂಗ್ ಕಂಪನ, ಅಂದರೆ ನೆಲ ಅದುರೋ ವೇಗ, 8 ಹರ್ಟ್ಸ್‌ಗಿಂತ (ಸೆಕೆಂಡಿಗೆ 8 ಸಲ ಅದುರೋದು) ಕಡಿಮೆ ಆವರ್ತನದಲ್ಲಿ ಸೆಕೆಂಡಿಗೆ 5 ಮಿಲಿಮೀಟರ್ ಮೀರಬಾರದು. 8ರಿಂದ 25 ಹರ್ಟ್ಸ್‌ವರೆಗೆ 10, ಅದರ ಮೇಲೆ 15. ನಿಮ್ಮ ಮನೆ ಹತ್ತಿರ ಕಂಪನ ಅಳೆದ ವರದಿ ಕೊಡಿ ಅಂತ ಲಿಖಿತವಾಗಿ ಕೇಳಿ. ಜಿಲ್ಲಾ ಖನಿಜ ಪ್ರತಿಷ್ಠಾನ ಅಂತಲೂ ಒಂದಿದೆ. 2015ರ ಜನವರಿ 12ಕ್ಕೆ ಮೊದಲು ಕೊಟ್ಟ ಗುತ್ತಿಗೆಯಾದರೆ ಗಣಿಯವರು ರಾಯಲ್ಟಿಯ ಶೇ. 30ರಷ್ಟನ್ನ ಅದಕ್ಕೆ ಕಟ್ಟಬೇಕು. ಆ ದುಡ್ಡು ಗಣಿಬಾಧಿತ ಊರುಗಳಿಗೇ ಮೀಸಲು.

ಮನೆಯಲ್ಲಿ ಮಾಡೋದು ಇಷ್ಟು. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ಲಿನಲ್ಲಿ ಅಡ್ಡಗೆರೆ ಎಳೆದು ತಾರೀಕು ಬರೀರಿ. ಪಕ್ಕದಲ್ಲಿ ಸ್ಕೇಲ್ ಹಿಡಿದು ಫೋಟೋ ತೆಗೀರಿ. ಗಾರೆ ಕೆರೆದು ಗಟ್ಟಿ ಗೋಡೆ ಕಂಡ ಮೇಲೆ, ಬೆರಳಗಲದ ತೆಳು ಗಾಜಿನ ಪಟ್ಟಿಯನ್ನ ಬಿರುಕಿಗೆ ಅಡ್ಡಲಾಗಿ ಇಟ್ಟು, ಎರಡು ತುದಿಗೆ ಮಾತ್ರ ಎಪಾಕ್ಸಿ ಹಚ್ಚಿ. ನಡುವೆ ಹಚ್ಚಬೇಡಿ. ಗಾರೆಯ ಮೇಲೇ ಅಂಟಿಸಿದರೆ ಗಾರೆ ಕಿತ್ತು ಬರುತ್ತೆ, ಗಾಜು ಸುಮ್ಮನೆ ಇರುತ್ತೆ. ಗೋಡೆ ಸರಿದರೆ ಗಾಜು ಸೀಳುತ್ತೆ. ಆ ದಿನದ ತಾರೀಕು, ಬ್ಲಾಸ್ಟಿಂಗ್ ಆದ ಹೊತ್ತು, ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆದಿಡಿ.