ಸದ್ದಿಗೊಂದು ಆಕಾರ: ‘ಮೊಕೊ ಮೊಕೊಮೊಕೊ’ ಎಂಬ ಜಪಾನಿ ಚಿತ್ರಪುಸ್ತಕ

[ಪರದೆಯ ಮೇಲೆ: ಬರಿದಾದ ನೆಲ, ಅದರ ಮೇಲೆ ಬರಿದಾದ ಆಕಾಶ. ಮೂರು ಸೆಕೆಂಡು ಯಾವ ಸದ್ದೂ ಇಲ್ಲ.]

ನಮಸ್ಕಾರ. ಈಗಷ್ಟೇ ನಿಮ್ಮ ಮುಂದೆ ಹಾದುಹೋದ ನಿಶ್ಶಬ್ದಕ್ಕೆ ಜಪಾನಿ ಭಾಷೆಯಲ್ಲಿ ಒಂದು ಸದ್ದಿದೆ. ಅದನ್ನು ‘ಶೀನ್’ ಎನ್ನುತ್ತಾರೆ. ನಾವು ಇಂದು ನೋಡಲಿರುವ ಪುಸ್ತಕದ ಮೊದಲ ಚಿತ್ರದ ಜೊತೆಗಿರುವುದು ಆ ಒಂದೇ ಮಾತು. ಹಾಳೆ ತಿರುಗಿಸಿದರೆ ನೆಲ ಒಂದಿಷ್ಟು ಉಬ್ಬಿದೆ, ಪಕ್ಕದಲ್ಲಿ ‘ಮೊಕೊ’ ಎಂದಿದೆ. ಮತ್ತೊಂದು ಹಾಳೆ ತಿರುಗಿಸಿದರೆ ಉಬ್ಬು ದೊಡ್ಡದಾಗಿ ‘ಮೊಕೊಮೊಕೊ’ ಆಗಿದೆ, ಅದರಾಚೆ ಅಣಬೆಯಂಥ ಪುಟ್ಟದೊಂದು ‘ನ್ಯೊಕಿ’ ಎಂದು ತಲೆಯೆತ್ತಿದೆ. ಎರಡೂ ಬೆಳೆಯುತ್ತವೆ. ಆಮೇಲೆ ದೊಡ್ಡದು ಚಿಕ್ಕದನ್ನು ‘ಪಕು’ ಎಂದು ಬಾಯಿಗೆ ಹಾಕಿಕೊಂಡು ‘ಮೊಗುಮೊಗು’ ಎಂದು ಮೆಲ್ಲುತ್ತದೆ.

ಈ ಪುಸ್ತಕದಲ್ಲಿ ಹೆಸರಿರುವ ಪಾತ್ರವಿಲ್ಲ, ಊರಿಲ್ಲ, ಒಂದು ಪೂರ್ಣ ವಾಕ್ಯವೂ ಇಲ್ಲ. 1977ರಲ್ಲಿ ಬುನ್‌ಕೆನ್ ಶುಪ್ಪಾನ್ ಪ್ರಕಾಶನ ಇದನ್ನು ಹೊರತಂದಾಗ ದೊಡ್ಡವರು ಇದನ್ನು ಹೇಗೆ ಓದಿ ಹೇಳಬೇಕೆಂದು ತಿಳಿಯದೆ ಕೈಯಲ್ಲಿ ಹಿಡಿದು ನಿಂತರು. ಇದರ ಕೈಹಿಡಿದವರು ಇನ್ನೂ ಮಾತು ಬಾರದ ಕೂಸುಗಳು. ಆ ನಂತರ ಮರುಮುದ್ರಣದ ಮೇಲೆ ಮರುಮುದ್ರಣ ಕಂಡು ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ.

[ಪರದೆಯ ಮೇಲೆ: ಪೈನ್ ಮರಗಳ ನಡುವೆ ಬಣ್ಣದ ನೀರು ತುಂಬಿದ ಪಾರದರ್ಶಕ ಹಾಳೆಗಳು.]

ಮಾತು ಕವಿ ತನಿಕಾವಾ ಶುಂತಾರೊ ಅವರದು, ಚಿತ್ರ ಮೊತೊನಾಗಾ ಸದಮಾಸಾ ಅವರದು. ಮೊತೊನಾಗಾ ಮಕ್ಕಳ ಪುಸ್ತಕಕ್ಕೆಂದೇ ಚಿತ್ರ ಬರೆಯುತ್ತ ಬಂದವರಲ್ಲ. 1954ರಲ್ಲಿ ಯೊಶಿಹಾರಾ ಜಿರೊ ಅವರ ಮುಂದಾಳತ್ವದಲ್ಲಿ ಆಶಿಯಾ ಪಟ್ಟಣದಲ್ಲಿ ಹುಟ್ಟಿದ ‘ಗುತಾಯ್’ ಎಂಬ ಕಲಾವಿದರ ಬಳಗಕ್ಕೆ ಅವರು ಮರುವರ್ಷ ಸೇರಿದರು. ಇನ್ನೊಬ್ಬರನ್ನು ಅನುಕರಿಸಕೂಡದು, ಹಿಂದೆ ಯಾರೂ ಮಾಡದ್ದನ್ನೇ ಮಾಡಬೇಕು ಎಂಬುದು ಯೊಶಿಹಾರಾ ಅವರ ಕಟ್ಟುನಿಟ್ಟು. 1956ರ ಬಯಲು ಪ್ರದರ್ಶನದಲ್ಲಿ ಮೊತೊನಾಗಾ ಮರದಿಂದ ಮರಕ್ಕೆ ಉದ್ದನೆಯ ಪ್ಲಾಸ್ಟಿಕ್ ಹಾಳೆಗಳನ್ನು ಜೋಲಿಯಂತೆ ಕಟ್ಟಿ, ಒಳಗೆ ಬಣ್ಣ ಕದಡಿದ ನೀರು ಸುರಿದರು. ನೀರಿನ ಭಾರಕ್ಕೆ ಹಾಳೆ ನಡುವೆ ಜಗ್ಗಿ, ಬಿಸಿಲು ಅದರೊಳಗಿಂದ ಹಾಯ್ದು ಬಂದಿತು. ಭಾರ, ಉಬ್ಬು, ತೂಗುವಿಕೆ, ಬೆಳಕು ಇವೆಲ್ಲವೂ ಇಪ್ಪತ್ತೊಂದು ವರ್ಷಗಳ ಬಳಿಕ ‘ಮೊಕೊ’ ಪುಸ್ತಕದ ಹಾಳೆಗಳಲ್ಲಿ ಮತ್ತೆ ಕಾಣಿಸಿಕೊಳ್ಳುತ್ತವೆ ಎಂಬುದು ನನ್ನ ಓದು.

ಇನ್ನೊಂದು ಬೇರು ಕೋಬೆ ನಗರದ ಬೆನ್ನಿಗಿರುವ ಮಾಯಾ ಬೆಟ್ಟದಲ್ಲಿದೆ. ಬುದ್ಧನ ತಾಯಿ ಮಾಯಾದೇವಿಯ ಹೆಸರನ್ನೇ ಹೊತ್ತ ಬೆಟ್ಟವದು. ರಾತ್ರಿ ಅದರ ನೆತ್ತಿಯ ಮೇಲೆ ಮಿನುಗುತ್ತಿದ್ದ ದೀಪಗಳನ್ನು ಕಂಡೇ ಮೊತೊನಾಗಾ ತಮ್ಮ ಆರಂಭದ ಅಮೂರ್ತ ಚಿತ್ರವನ್ನು ಬರೆದರು. ದುಂಡನೆಯ ದಿಬ್ಬ ಮತ್ತು ಅದರ ತುದಿಯಲ್ಲೊಂದು ಬೆಳಕು ಎಂಬ ಆ ಜೋಡಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಪುಸ್ತಕದ ‘ತ್ಸುನ್’ ಎಂಬ ಪುಟವನ್ನು ನೋಡಿರಿ: ತಿಂದು ಮುಗಿಸಿದ ದಿಬ್ಬದ ನೆತ್ತಿಯಲ್ಲಿ ಚಿಕ್ಕದೊಂದು ಗುಂಡು ಮೂಡಿ ನಿಂತಿದೆ.

1966ರಲ್ಲಿ ಮೊತೊನಾಗಾ ಜಪಾನ್ ಸೊಸೈಟಿಯ ಆಹ್ವಾನದ ಮೇಲೆ ನ್ಯೂಯಾರ್ಕ್‌ಗೆ ಹೋದರು. ತನಿಕಾವಾ ಅವರ ಪರಿಚಯವಾದದ್ದು ಅಲ್ಲಿಯೇ. ಬಣ್ಣವನ್ನು ಕ್ಯಾನ್ವಾಸಿನ ಮೇಲೆ ಹರಿಯಬಿಡುತ್ತಿದ್ದ ಕಲಾವಿದ ಅಲ್ಲಿ ಅಕ್ರಿಲಿಕ್ ಬಣ್ಣವನ್ನೂ, ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ಷನ್ನೂ ಕೈಗೆತ್ತಿಕೊಂಡರು. ಒಂದು ಬಣ್ಣ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂದು ಹೇಳಲಾಗದಂತೆ ಮೆಲ್ಲನೆ ಕರಗುವ, ‘ಮೊಕೊ’ ಪುಸ್ತಕದ ಆ ಆಕಾಶ ಏರ್‌ಬ್ರಷ್ಷಿನ ಗುಣ. ಸ್ವಲ್ಪ ಹೊತ್ತು ಆ ಹಿನ್ನೆಲೆಯನ್ನಷ್ಟೇ ನೋಡಿದರೂ ಸಾಕು, ಹಾಳೆಯೇ ಉಸಿರಾಡುತ್ತಿದೆ ಅನ್ನಿಸುತ್ತದೆ.

[ಪರದೆಯ ಮೇಲೆ: ‘ಪೊರೊರಿ’ ಪುಟದ ಸನಿಹದ ನೋಟ.]

ನೆತ್ತಿಯ ಗುಂಡು ‘ಪೊರೊರಿ’ ಎಂದು ಉದುರುತ್ತದೆ. ನೆಲದ ಮೇಲೆ ‘ಪೂ’ ಎಂದು ಊದಿಕೊಳ್ಳುತ್ತದೆ, ‘ಗಿರಗಿರ’ ಎಂದು ಹಾಳೆ ತುಂಬುವಷ್ಟು ಬೆಳೆದು ‘ಪಚಿನ್’ ಎಂದು ಒಡೆಯುತ್ತದೆ. ಒಡೆದ ಮೇಲೆ ‘ಫುನ್ವ ಫುನ್ವ ಫುನ್ವ’ ಎಂದು ತೇಲುವ ಆಕಾರಗಳು, ಮತ್ತೆ ‘ಶೀನ್’. ಕೊನೆಗೆ, ಎಲ್ಲ ಮುಗಿಯಿತೆಂದು ಪುಸ್ತಕ ಮುಚ್ಚುವ ಹೊತ್ತಿಗೆ, ಮತ್ತೊಮ್ಮೆ ‘ಮೊಕೊ’.

ಇದೇ ಕಲಾವಿದ ಮುಂದೆ ಹೀಗೆ ಹಲವರೊಡನೆ ಕೈಜೋಡಿಸಿದರು. 1990ರ ‘ಮೊಕೆರಾ ಮೊಕೆರಾ’ ಪುಸ್ತಕಕ್ಕೆ ಮಾತು ಕೊಟ್ಟವರು ಜಾಝ್ ಪಿಯಾನೊ ವಾದಕ ಯಮಾಶಿತಾ ಯೊಸುಕೆ. ಪುಟಗಳನ್ನು ಸಂಯೋಜಿಸಿದವರು ಮೊತೊನಾಗಾ ಅವರ ಪತ್ನಿ, ಕಲಾವಿದೆ ನಕತ್ಸುಜಿ ಎತ್ಸುಕೊ. ಸಾಹಿತ್ಯ ವಿದ್ವಾಂಸ ಕನಸೆಕಿ ಹಿಸಾಒ ಅವರ ಮಾತುಗಳಿರುವ ‘ಕಾನಿ ತ್ಸುನ್‌ತ್ಸುನ್’ 1997ರಲ್ಲಿ ತೆಳು ಹೊದಿಕೆಯ ಮಾಸಿಕ ಸಂಚಿಕೆಯಾಗಿ ಬಂದು, 2001ರಲ್ಲಿ ಗಟ್ಟಿರಟ್ಟಿನ ಪುಸ್ತಕವಾಗಿ ಮರುಪ್ರಕಟವಾಯಿತು. 1956ರಿಂದ ‘ಕೊದೊಮೊ ನೊ ತೊಮೊ’ ಎಂಬ ಮಾಸಿಕ ಸರಣಿಯನ್ನು ನಡೆಸುತ್ತಿರುವ ಫುಕುಇನ್‌ಕನ್ ಪ್ರಕಾಶನದ ಕ್ರಮವದು: ತಿಂಗಳ ಸಂಚಿಕೆ ಮೊದಲು ಮಕ್ಕಳ ಕೈಗೆ ಹೋಗುತ್ತದೆ, ಅವುಗಳಲ್ಲಿ ಕೆಲವು ಗಟ್ಟಿರಟ್ಟು ತೊಟ್ಟು ಅಂಗಡಿಗೆ ಬರುತ್ತವೆ. ಇಂಥ ಪ್ರಯೋಗಗಳು ಒಂದೇ ಮುದ್ರಣಕ್ಕೆ ಕಳೆದುಹೋಗದಿರಲು ಈ ಏರ್ಪಾಡು ಬಹಳ ನೆರವಾಗಿದೆ.

[ಪರದೆಯ ಮೇಲೆ: ಕನ್ನಡ ಅಕ್ಷರಗಳಲ್ಲಿ ಗಿರಗಿರ, ಥಳಥಳ, ಬಿಕೋ.]

ಕನ್ನಡಿಗರಿಗೆ ಈ ಪುಸ್ತಕ ಹತ್ತಿರವಾಗಲು ಒಂದು ನಿಜವಾದ ಕಾರಣವಿದೆ. ಸದ್ದನ್ನು ಅನುಕರಿಸುವ ಮಾತನ್ನು ಜಪಾನಿನಲ್ಲಿ ‘ಗಿಒಂಗೊ’ ಎನ್ನುತ್ತಾರೆ. ಸದ್ದೇ ಇಲ್ಲದ ಹೊಳಪು, ಚಲನೆ, ಸ್ಥಿತಿಯನ್ನು ಹೇಳುವ ಮಾತನ್ನು ‘ಗಿತಾಯ್‌ಗೊ’ ಎನ್ನುತ್ತಾರೆ. ನಾವು ಶಾಲೆಯಲ್ಲಿ ಕಲಿತ ಅನುಕರಣಾವ್ಯಯ ಎರಡನ್ನೂ ಒಂದೇ ಬುಟ್ಟಿಯಲ್ಲಿ ಇಟ್ಟುಕೊಂಡಿದೆ. ಜುಳುಜುಳು ಎಂಬುದು ಕಿವಿಗೆ, ಥಳಥಳ ಎಂಬುದು ಕಣ್ಣಿಗೆ. ‘ಶೀನ್’ ಎಂಬುದಕ್ಕೂ ನಮ್ಮಲ್ಲಿ ಸಾಟಿಯುಂಟು: ನೆಂಟರೆಲ್ಲ ಹೊರಟುಹೋದ ಮೇಲೆ ಮನೆ ‘ಬಿಕೋ’ ಎನ್ನುತ್ತದಲ್ಲ, ಅದೇ. ‘ಪಕು’ ಎಂಬಲ್ಲಿ ‘ಗುಳುಂ’ ಎಂದರೆ ಒಪ್ಪುತ್ತದೆ. ‘ಮೊಕೊಮೊಕೊ’ ಮಾತ್ರ ಸುಲಭಕ್ಕೆ ಸಿಗುವುದಿಲ್ಲ. ಎಣ್ಣೆಯಲ್ಲಿ ಪೂರಿ ಬುರುಬುರು ಉಬ್ಬುತ್ತದೆ ಎನ್ನುತ್ತೇವಾದರೂ ಅದರಲ್ಲಿ ಅವಸರವಿದೆ, ನೆಲ ಉಬ್ಬುವ ಆ ನಿಧಾನವಿಲ್ಲ.

ಹಾಗಾಗಿ ಇದನ್ನು ಅನುವಾದಿಸದೆ, ಜಪಾನಿ ಸದ್ದುಗಳನ್ನೇ ಕನ್ನಡದ ಮಗುವಿಗೆ ಓದಿ ಹೇಳುವುದು ಮೇಲೆಂದು ನನಗೆ ತೋರುತ್ತದೆ. ಜಪಾನಿನಲ್ಲಿ ‘ಗಿರಗಿರ’ ಎಂದರೆ ಕಣ್ಣು ಕೋರೈಸುವ ಹೊಳಪು. ನಮ್ಮ ಮಗು ಅದೇ ಮಾತು ಕೇಳಿದರೆ ಗುಂಡು ಬುಗುರಿಯಂತೆ ತಿರುಗುತ್ತಿದೆ ಎಂದೇ ತಿಳಿಯುತ್ತದೆ. ಆ ಪುಟದ ಚಿತ್ರವನ್ನು ಮತ್ತೊಮ್ಮೆ ನೋಡಿರಿ. ಗುಂಡು ತಿರುಗುತ್ತಿಲ್ಲವೆಂದು ಹೇಳುವ ಒಂದು ಗೆರೆಯೂ ಅಲ್ಲಿಲ್ಲ.