ಮೆಷಿನ್ ಪಕ್ಕದ ನೀಲ್ಯಾ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಮನೆ ಧಾರವಾಡದ ಮಾಳಮಡ್ಡಿಯಲ್ಲಿದೆ. ಮುಂದಿನ ಖೋಲಿಯಲ್ಲಿ ನನ್ನ ಹೊಲಿಗೆ ಮೆಷಿನ್. ಅದರ ಎಡಕ್ಕೆ, ಕೈಗೆ ಎಟುಕುವಷ್ಟು ದೂರದಲ್ಲಿ, ಒಂದು ಗಾಜಿನ ತೊಟ್ಟಿ. ತೊಟ್ಟಿಯಲ್ಲಿ ಒಂದೇ ಒಂದು ಮೀನು. ಮೈಯೆಲ್ಲ ನೀಲಿ, ರೆಕ್ಕೆಯ ಅಂಚಿಗೆ ಮಾತ್ರ ಸ್ವಲ್ಪ ಕೆಂಪು. ಹೆಸರು ನೀಲ್ಯಾ.

ಅಂಗಡಿಯಲ್ಲಿ ಇದನ್ನು ಫೈಟರ್ ಮೀನು ಅಂತಾರೆ. ಪುಸ್ತಕದ ಹೆಸರು ಬೆಟ್ಟಾ. ಪಕ್ಕದ ಮನೆಯ ಅಜ್ಜಿ ಮೊದಲ ಸಲ ಕೇಳಿದಾಗ, ‘ಬೆಟ್ಟಾ ಅಂದ್ರ ಗುಡ್ಡಾನ?’ ಅಂದಿದ್ದರು. ಇದರ ತವರು ಥಾಯ್ಲೆಂಡ್. ಅಲ್ಲಿಯ ಭತ್ತದ ಗದ್ದೆ, ಹೊಂಡ, ನಿಧಾನಕ್ಕೆ ಹರಿಯುವ ಕಾಲುವೆಗಳಲ್ಲಿ ಇರುವ ಮೀನು. ಥಾಯ್ ಭಾಷೆಯಲ್ಲಿ ಇದರ ಹೆಸರಿಗೆ ಕಚ್ಚುವ ಮೀನು ಅಂತಲೇ ಅರ್ಥ. 2019ರಲ್ಲಿ ಆ ದೇಶ ಇದನ್ನು ತನ್ನ ರಾಷ್ಟ್ರೀಯ ಜಲಚರ ಎಂದು ಘೋಷಿಸಿತು. ಗದ್ದೆಯಲ್ಲಿ ಸಿಗುವ ಮೂಲ ಬೆಟ್ಟಾಕ್ಕೆ ಇಷ್ಟೊಂದು ಬಣ್ಣ ಇಲ್ಲ, ಇಷ್ಟುದ್ದ ರೆಕ್ಕೆಯೂ ಇಲ್ಲ. ಈ ಸೆರಗಿನಂಥ ರೆಕ್ಕೆ, ಈ ನವಿಲುಬಣ್ಣ, ಎಲ್ಲ ಮನುಷ್ಯರು ಆರಿಸಿ ಆರಿಸಿ ಮರಿ ಮಾಡಿಸಿ ತಂದದ್ದು.

ನೀಲ್ಯಾ ನಮ್ಮ ಮನೆಗೆ ಬಂದಿದ್ದು ಚಹಾ ಕಪ್ಪಿಗಿಂತ ಸ್ವಲ್ಪ ದೊಡ್ಡದಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಮಗ ತಂದಿಟ್ಟ, ಎರಡು ತಿಂಗಳಾದ ಮೇಲೆ ನೌಕರಿ ಅಂತ ಬೆಂಗಳೂರಿಗೆ ಹೋದ. ಇದಕ್ಕೆ ಇಷ್ಟೇ ನೀರು ಸಾಕು, ಕೊಳಕು ನೀರಲ್ಲೂ ಬದುಕುತ್ತದೆ ಅಂತ ಮಾರಿದವರು ಹೇಳಿದ್ದರಂತೆ. ಆ ಮಾತು ಎಲ್ಲಿಂದ ಹುಟ್ಟಿತು ಅಂತ ಆಮೇಲೆ ಗೊತ್ತಾಯಿತು. ಬೆಟ್ಟಾದ ತಲೆಯೊಳಗೆ, ಕಿವಿರಿನ ಮೇಲ್ಗಡೆ, ಮಡಿಕೆ ಮಡಿಕೆಯಾದ ಒಂದು ಅಂಗ ಇದೆ. ಅದರಿಂದ ಮೀನು ನೀರಿನ ಮೇಲೆ ಬಂದು ನಮ್ಮಂತೆಯೇ ಗಾಳಿ ಕುಡಿಯುತ್ತದೆ. ನಮ್ಮ ಕೆರೆಗಳ ಕೊರವ ಮೀನೂ ಹೀಗೆ ಮೇಲೆ ಬಂದು ಉಸಿರು ತೆಗೆದುಕೊಳ್ಳುತ್ತದೆ. ಆದ್ದರಿಂದ ಡಬ್ಬಿಯಲ್ಲಿಟ್ಟರೂ ಬೆಟ್ಟಾ ತಕ್ಷಣ ಸಾಯುವುದಿಲ್ಲ, ಅಷ್ಟೇ. ಸಾಯದೇ ಇರುವುದು ಬೇರೆ, ಬದುಕುವುದು ಬೇರೆ ಅಲ್ವಾ? ಡಬ್ಬಿಯಲ್ಲಿದ್ದ ಆ ಎರಡು ತಿಂಗಳು ಅವನು ಹೆಚ್ಚು ಕಡಿಮೆ ಅಲುಗಾಡಿರಲಿಲ್ಲ. ಅವನ ಸ್ವಭಾವವೇ ಹಾಗೆ ಅಂತ ತಿಳಿದುಕೊಂಡಿದ್ದೆ. ಇಪ್ಪತ್ತು ಲೀಟರಿನ ತೊಟ್ಟಿಗೆ ಬಿಟ್ಟ ದಿನ ಮೂಲೆ ಮೂಲೆ ಹುಡುಕಿಕೊಂಡು ತಿರುಗಿದ. ಎಲ್ಲ ನೋಡಿ ಮುಗಿಸಿ ಮೆಷಿನ್ ಕಡೆಯ ಗಾಜಿಗೆ ಬಂದು ನಿಂತ. ಅವತ್ತಿನಿಂದ ಅದೇ ಅವನ ಜಾಗ.

ನಾನು ಪೆಡಲ್ ಮೇಲೆ ಕಾಲಿಟ್ಟರೆ ಸಾಕು, ಎಲ್ಲಿದ್ದರೂ ಬರುತ್ತಾನೆ. ಸದ್ದು ಕೇಳಿ ಬರುತ್ತಾನೋ, ನೆಲ ಅದುರುವುದು ತಿಳಿದು ಬರುತ್ತಾನೋ, ಬರುವುದಂತೂ ಖಾತ್ರಿ. ದಾರದ ಉಂಡೆ ತಿರುಗುವುದನ್ನು ನೋಡುತ್ತ ನಿಲ್ಲುತ್ತಾನೆ. ಅವನ ಕಣ್ಣು ಒಂದೊಂದೇ ಹೊರಳುವುದು ಹತ್ತಿರದಿಂದ ನೋಡಿದರೆ ಕಾಣುತ್ತದೆ. ಬಟ್ಟೆಯ ಅಳತೆ ಕೊಡಲು ಹೊಸಬರು ಬಂದರೆ ಗಿಡದ ಹಿಂದೆ ಹೋಗುತ್ತಾನೆ. ಅವರು ಕುಳಿತು ಐದು ಹತ್ತು ನಿಮಿಷ ಮಾತಾಡಿದ ಮೇಲೆ ಮೆಲ್ಲಗೆ ಹೊರಗೆ ಬಂದು ನೋಡುತ್ತಾನೆ.

ಬೆಟ್ಟಾ ಸುಮ್ನೆ ನೋಡುವುದಿಲ್ಲ, ನೋಡಿದ್ದನ್ನು ನೆನಪಿಟ್ಟುಕೊಳ್ಳುತ್ತದೆ. 1998ರಲ್ಲಿ ವಿಜ್ಞಾನಿಗಳು ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ. ಎರಡು ಬೆಟ್ಟಾಗಳು ಕಾದಾಡುವಾಗ ಮೂರನೆಯದಕ್ಕೆ ದೂರದಿಂದ ನೋಡಲು ಬಿಟ್ಟರು. ಆಮೇಲೆ ಆ ಎರಡನ್ನೂ ಅದಕ್ಕೆ ಎದುರಾಗಿಸಿದರು. ಜಗಳ ನೋಡಿದ್ದ ಮೀನು ಗೆದ್ದ ಮೀನಿನ ಮುಂದೆ ಹೋಗಲು ಹಿಂದೆ ಮುಂದೆ ನೋಡಿತು. ಜಗಳವನ್ನು ನೋಡಿರದ ಮೀನುಗಳಿಗೆ ಆ ಅಳುಕು ಇರಲಿಲ್ಲ. ಅಂದರೆ ಇವನು ಜೋರು, ಅವನು ಮೆತ್ತಗೆ ಅಂತ ಕುಳಿತಲ್ಲೇ ಲೆಕ್ಕ ಹಾಕುವ ಜೀವ ಅದು. ಇದನ್ನು ತಿಳಿದ ಮೇಲೆ ನೀಲ್ಯಾನ ನೋಟಕ್ಕೆ ನನ್ನಲ್ಲಿ ಗೌರವ ಜಾಸ್ತಿಯಾಯಿತು.

ಬಂದ ಮಂದಿ ಎಲ್ಲರೂ ಒಂದು ಮಾತು ಹೇಳುತ್ತಾರೆ. ‘ಪಾಪ, ಒಬ್ಬನೇ ಇದ್ದಾನೆ, ಇನ್ನೊಂದು ತಂದು ಬಿಡ್ರಿ.’ ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ದಯವಿಟ್ಟು ಹಾಗೆ ಮಾಡಬೇಡಿ. ಎರಡು ಗಂಡು ಬೆಟ್ಟಾ ಒಂದು ತೊಟ್ಟಿಯಲ್ಲಿ ಸೇರಿದರೆ ರೆಕ್ಕೆ ಹರಿಯುವವರೆಗೆ, ಕೆಲವೊಮ್ಮೆ ಒಂದು ಸಾಯುವವರೆಗೆ ಕಚ್ಚಾಡುತ್ತವೆ. ಹೆಣ್ಣನ್ನೂ ಮರಿ ಮಾಡಿಸುವ ಸಮಯ ಬಿಟ್ಟು ಜೊತೆಗೆ ಇಡುವಂತಿಲ್ಲ. ಅವನಿಗೆ ಒಂಟಿತನ ಶಿಕ್ಷೆಯಲ್ಲ, ಅದು ಅವನ ಮನೆ. ಅವನ ಪಾಲಿಗೆ ಇನ್ನೊಂದು ಬೆಟ್ಟಾ ಎಂದರೆ ಮನೆಗೆ ನುಗ್ಗಿದವನು. ಗಾಜಿನ ಈಚೆ ಕುಳಿತ ನಾನು ಹಾಗಲ್ಲ. ನಾನು ಬೇಕಾದಷ್ಟು ಹತ್ತಿರ, ಬೇಕಾದಷ್ಟು ದೂರ.

ಸಂಜೆ ದೀಪ ಹಚ್ಚಿದಾಗ ಗಾಜು ಕನ್ನಡಿಯಾಗುತ್ತದೆ. ಆಗ ತನ್ನದೇ ಬಿಂಬ ಕಂಡು ಕಿವಿರಿನ ಮುಚ್ಚಳ ಅಗಲಿಸಿ, ರೆಕ್ಕೆಯೆಲ್ಲ ಬಿಚ್ಚಿ ನಿಲ್ಲುತ್ತಾನೆ. ಮುಖದ ಸುತ್ತ ಕಪ್ಪು ಗಡ್ಡ ಮೂಡಿದಂತೆ ಕಾಣುತ್ತದೆ. ನೋಡಲು ಭಾಳ ಚಂದ. ಆದರೆ ಅದು ಸಿಟ್ಟು, ಆಯಾಸ. ಎರಡು ಮೂರು ನಿಮಿಷಕ್ಕಿಂತ ಹೆಚ್ಚು ಹಾಗೆ ಬಿಡುವುದಿಲ್ಲ. ಬ್ಲೌಸಿಗೆ ಕತ್ತರಿಸಿ ಉಳಿದ ಒಂದು ಖಣದ ತುಂಡು ಇದೆ, ಅದನ್ನು ಆ ಗಾಜಿಗೆ ಇಳಿಬಿಡುತ್ತೇನೆ.

ನನ್ನಿಂದಲೂ ತಪ್ಪಾಗಿದೆ. ನಮ್ಮ ಊರಲ್ಲಿ ನಳ ದಿನಾ ಬರುವುದಿಲ್ಲ. ಮಲಪ್ರಭೆಯ ನೀರು ಬಂದ ದಿನ ಮನೆಯ ಕೊಡ, ಡ್ರಮ್ ಎಲ್ಲ ತುಂಬಿಡುತ್ತೇವೆ. ಒಮ್ಮೆ ನೀರು ಬಂದ ಖುಷಿಗೆ ತೊಟ್ಟಿ ಪೂರ್ತಿ ಖಾಲಿ ಮಾಡಿ, ಕಲ್ಲು, ನೀರು ಸೋಸುವ ಸ್ಪಂಜು ಎಲ್ಲ ತಿಕ್ಕಿ ತೊಳೆದು, ನಳದ ನೀರನ್ನೇ ನೇರ ತುಂಬಿಬಿಟ್ಟೆ. ಮರುದಿನ ಅವನು ತಳದಲ್ಲಿ ಓರೆಯಾಗಿ ಮಲಗಿದ್ದ. ನಳದ ನೀರಿನ ಕ್ಲೋರಿನ್ ಕಿವಿರನ್ನು ಸುಡುತ್ತದೆ. ಸ್ಪಂಜಿನಲ್ಲಿ, ಕಲ್ಲುಗಳ ಮೇಲೆ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಇರುತ್ತವೆ. ಮೀನಿನ ಹೇಲಿನಿಂದ, ಉಳಿದ ಊಟದಿಂದ ಹುಟ್ಟುವ ಅಮೋನಿಯಾ ಎಂಬ ವಿಷವನ್ನು ಅವು ತಿಂದು ಹಾಕುತ್ತವೆ. ಅವನ್ನೆಲ್ಲ ನಾನೇ ತೊಳೆದು ಚರಂಡಿಗೆ ಚೆಲ್ಲಿದ್ದೆ. ಈಗ ವಾರಕ್ಕೆ ಕಾಲುಭಾಗ ನೀರು ಮಾತ್ರ ಬದಲು. ಅದೂ ಬಕೆಟ್ಟಿನಲ್ಲಿ ಒಂದು ದಿನ ಬಾಯಿ ತೆರೆದು ಇಟ್ಟ ನೀರು.

ಧಾರವಾಡದ ಮಳೆಗಾಲ, ಚಳಿಗಾಲ ನಿಮಗೆ ಗೊತ್ತೇ ಇದೆ. ನಮಗೆ ಶಾಲು ಬೇಕಾದರೆ ಅವನಿಗೂ ಬೆಚ್ಚಗಿನ ನೀರು ಬೇಕು. ಇಪ್ಪತ್ನಾಲ್ಕರಿಂದ ಇಪ್ಪತ್ತೆಂಟು ಡಿಗ್ರಿ. ಒಂದು ಚಿಕ್ಕ ಹೀಟರ್, ಒಂದು ಥರ್ಮಾಮೀಟರ್ ತಂದೆ. ಊಟ ಕಡಿಮೆ. ಬೆಟ್ಟಾದ ಹೊಟ್ಟೆ ಅದರ ಕಣ್ಣಿನಷ್ಟೇ ಅಂತ ಸಾಕುವವರು ಹೇಳುತ್ತಾರೆ. ಮೀನಿನ ಆಹಾರದ ಮೂರು ನಾಲ್ಕು ಕಾಳು, ಎರಡು ಹೊತ್ತು, ಸಾಕು.

ಇನ್ನೊಂದು ವಿಷಯ ಹೇಳಲೇಬೇಕು. ನಮ್ಮ ಓಣಿಯಲ್ಲಿ ಕಾಡುಬಾದಾಮಿ ಮರ ಇದೆ. ಎಲೆ ಕೆಂಪಾಗಿ ಉದುರುತ್ತದಲ್ಲ, ಅದೇ. ಚೆನ್ನಾಗಿ ಒಣಗಿದ ಎಲೆ ತೊಳೆದು ತೊಟ್ಟಿಗೆ ಹಾಕಿದರೆ ನೀರು ತಿಳಿ ಚಹಾದ ಬಣ್ಣಕ್ಕೆ ತಿರುಗುತ್ತದೆ. ಬೆಟ್ಟಾಗೆ ಅಂಥ ನೀರು ಹಿತ. ಒಂದು ಬೆಳಿಗ್ಗೆ ಆ ಎಲೆಯ ಅಡಿಯಲ್ಲಿ ಸಾಬೂನಿನ ನೊರೆಯಂಥದ್ದು ಕಂಡಿತು. ಗಾಬರಿಯಾದೆ. ನೋಡುತ್ತ ಕುಳಿತೆ. ನೀಲ್ಯಾ ಮೇಲೆ ಬಂದು ಒಂದು ಗುಟುಕು ಗಾಳಿ ತೆಗೆದುಕೊಂಡ, ಎಲೆಯ ಅಡಿಗೆ ಹೋಗಿ ಜೊಲ್ಲು ಸವರಿದ ಒಂದು ಗುಳ್ಳೆ ಬಿಟ್ಟ. ಮತ್ತೆ ಮೇಲೆ, ಮತ್ತೆ ಒಂದು ಗುಳ್ಳೆ. ಅದು ಗೂಡು. ಹೆಣ್ಣು ಇಟ್ಟ ಮೊಟ್ಟೆಯನ್ನು ಗಂಡು ಬಾಯಲ್ಲಿ ಹಿಡಿದು ಒಂದೊಂದೇ ಗುಳ್ಳೆಗಳ ನಡುವೆ ಸಿಕ್ಕಿಸುತ್ತದೆ. ಮರಿಯಾಗಿ ಈಜುವವರೆಗೆ ಹೆಣ್ಣನ್ನೂ ಹತ್ತಿರ ಬಿಡದೆ ಕಾಯುತ್ತದೆ. ಜಗಳಗಂಟ ಅಂತ ಹೆಸರಾದ ಮೀನಿನ ಬಾಣಂತನ ಇದು. ಹೆಣ್ಣು ಇಲ್ಲದಿದ್ದರೂ ಗೂಡು ಕಟ್ಟುತ್ತದೆ. ಅವತ್ತು ಮಧ್ಯಾಹ್ನದವರೆಗೂ ನನ್ನ ಮೆಷಿನ್ ಓಡಲಿಲ್ಲ.

ಬೆಟ್ಟಾದ ಆಯಸ್ಸು ಸಾಮಾನ್ಯವಾಗಿ ಎರಡರಿಂದ ನಾಲ್ಕು ವರ್ಷ. ನೀಲ್ಯಾ ನಮ್ಮ ಮನೆಗೆ ಬಂದು ಮೂರು ವರ್ಷ ದಾಟಿತು. ನೀಲಿ ಸ್ವಲ್ಪ ಮಾಸಿದೆ, ರೆಕ್ಕೆಯ ಅಂಚು ಹಳೆ ಸೀರೆಯ ಸೆರಗಿನಂತೆ ಬಿಟ್ಟುಕೊಂಡಿದೆ. ಉಸಿರಿಗೆ ಮೇಲೆ ಬರುವುದು ಅವನಿಗೆ ಕಷ್ಟ ಅಂತ ಈ ಮಳೆಗಾಲದಲ್ಲಿ ನೀರನ್ನು ಒಂದು ಗೇಣಿಗೆ ಇಳಿಸಿದೆ. ನೀರಿನ ಮೇಲ್ಭಾಗಕ್ಕೆ ಹತ್ತಿರ ಒಂದು ಅಗಲ ಎಲೆಯ ಗಿಡ ಕಟ್ಟಿದ್ದೇನೆ. ಹಗಲೆಲ್ಲ ಅದರ ಮೇಲೆ ಮಲಗಿರುತ್ತಾನೆ. ಪೆಡಲ್ ತುಳಿದರೆ ಈಗ ಓಡಿ ಬರುವುದಿಲ್ಲ. ಮಲಗಿದಲ್ಲಿಂದಲೇ ಮುಖ ಈ ಕಡೆ ತಿರುಗಿಸುತ್ತಾನೆ. ಕುರ್ಚಿಯನ್ನು ನಾನೇ ಗಾಜಿನ ಹತ್ತಿರ ಸರಿಸಿಕೊಂಡಿದ್ದೇನೆ.

ನಮಸ್ಕಾರ.